ಡಯಲ್ ಮುಟ್ಟೋ ಮುಂಚೆ

1/10

ಬಿಕಾಂ ಫ್ರೆಂಡ್ಸ್‌ಗೆ ಒಂದು ಪ್ರಶ್ನೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ. ಡೆಬಿಟ್ ಕಡೆ 450 ರೂಪಾಯಿ ಜಾಸ್ತಿ ಬಂತು. ಏನ್ ಮಾಡ್ತೀರಾ? ವ್ಯತ್ಯಾಸಾನ ಸಸ್ಪೆನ್ಸ್ ಅಕೌಂಟಿಗೆ ಹಾಕಿದ್ರೆ ಎರಡೂ ಕಡೆ ಸಮ ಆಗುತ್ತೆ. ನೋಡೋಕೆ ಚೆನ್ನಾಗಿರುತ್ತೆ. ಆದ್ರೆ ತಪ್ಪು ಎಲ್ಲೂ ಹೋಗಿರಲ್ಲ. ಎಲ್ಲೋ ಒಂದು ಎಂಟ್ರಿ ತಪ್ಪಿದೆ, ಅದು ಸಿಗೋವರೆಗೂ ಸಸ್ಪೆನ್ಸ್ ಅಕೌಂಟ್ ಅಲ್ಲೇ ಕೂತಿರುತ್ತೆ.

ಎಂಬ್ರಾಯ್ಡರಿ ಮಷೀನಿನ ಟೆನ್ಷನ್ ಡಯಲ್ ಇದೆಯಲ್ಲ, ಅದೂ ಒಂದು ಸಸ್ಪೆನ್ಸ್ ಅಕೌಂಟೇ. ಹೊಲಿಗೆ ಕೆಟ್ಟ ತಕ್ಷಣ ಎಲ್ಲರ ಕೈ ಮೊದಲು ಹೋಗೋದು ಅಲ್ಲಿಗೆ. ತಿರುಗಿಸಿದ್ರೆ ಸ್ವಲ್ಪ ಹೊತ್ತು ಸರಿ ಹೋದ ಹಾಗೆ ಕಾಣ್ಸುತ್ತೆ. ಆಮೇಲೆ ಇನ್ನೊಂದು ಕಡೆ ಕೆಡುತ್ತೆ.

ನಮ್ಮನೆ ಹಾಲ್‌ನಲ್ಲಿ 12 ಸೂಜಿಯ ಸಿಂಗಲ್ ಹೆಡ್ ಮಷೀನ್ ಇದೆ. ಅಮ್ಮ ಬ್ಲೌಸ್ ವರ್ಕ್ ಮಾಡ್ತಾರೆ, ಕಾಲೇಜಿಂದ ಬಂದ್ಮೇಲೆ ನಾನೂ ಕೂರ್ತೀನಿ. ಇಲ್ಲಿ ಹಾಕೋ ವಿಡಿಯೋ ನೋಡಿ ತುಂಬಾ ಜನ ಕೇಳೋದು ಒಂದೇ: "ಕೆಳಗಿನ ಬಿಳಿ ದಾರ ಮೇಲೆ ಕಾಣ್ತಿದೆ, ಟೆನ್ಷನ್ ಎಷ್ಟಕ್ಕೆ ಇಡ್ಬೇಕು?" ಒಂದು ನಂಬರ್ ಹೇಳಿ ಮುಗಿಸೋ ಹಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ಇದನ್ನ ಇಷ್ಟು ಸೀರಿಯಸ್ಸಾಗಿ ಯಾಕೆ ಹೇಳ್ತಿದೀನಿ ಅಂದ್ರೆ, ರೇಷ್ಮೆ ಸೀರೆ ಬ್ಲೌಸ್ ಪೀಸ್ ಸೀರೆ ಜೊತೆನೇ ನೇಯ್ದು ಬಂದಿರುತ್ತೆ. ಒಂದೇ ಪೀಸ್. ಅದೇ ಬಣ್ಣ, ಅದೇ ಅಂಚು ಇನ್ನೊಂದು ಅಂಗಡೀಲಿ ಸಿಗಲ್ಲ. ಹೊಲಿಗೆ ಕೆಟ್ಟಿತು ಅಂತ ಬಿಚ್ಚಿದ್ರೆ ರೇಷ್ಮೆ ಮೇಲೆ ಸೂಜಿ ತೂತು ಹಾಗೇ ಉಳ್ಕೊಳ್ಳುತ್ತೆ. ಬೇರೆಯವರ ಮದುವೆ ಬಟ್ಟೆ ನಮ್ಮ ಫ್ರೇಮಲ್ಲಿ ಇರುತ್ತೆ ಅನ್ನೋದು ನೆನಪಿರ್ಲಿ.

ಕ್ಯಾಪ್ಷನ್‌ನಲ್ಲಿ ಜಾಗ ಸಾಲಲ್ಲ, ಅದಕ್ಕೆ 10 ಭಾಗ. ಸೇವ್ ಮಾಡಿಟ್ಕೊಳ್ಳಿ.

2/10

ಮೊದಲು ಒಂದು ಹೊಲಿಗೆ ಹೇಗೆ ಹುಟ್ಟುತ್ತೆ ಅಂತ ನೋಡೋಣ. ಇದು ಗೊತ್ತಾದ್ರೆ ಅರ್ಧ ರಿಪೇರಿ ಬಂದ ಹಾಗೆ.

ಮಷೀನಲ್ಲಿ ಎರಡು ದಾರ. ಒಂದು ಮೇಲಿಂದ ಸೂಜಿ ಕಣ್ಣಲ್ಲಿ ಬರುತ್ತೆ. ಇನ್ನೊಂದು ಕೆಳಗೆ ಬಾಬಿನ್‌ನಲ್ಲಿ ಸುತ್ತಿರುತ್ತೆ. ಸೂಜಿ ಬಟ್ಟೆ ಚುಚ್ಚಿ ಕೆಳಗೆ ಹೋಗಿ, ಮತ್ತೆ ಮೇಲೆ ಬರೋಕೆ ಶುರು ಮಾಡಿದಾಗ ಅದರ ಹಿಂದೆ ದಾರದ ಒಂದು ಸಣ್ಣ ಕುಣಿಕೆ ಆಗುತ್ತೆ. ಕೆಳಗೆ ತಿರುಗ್ತಿರೋ ಹುಕ್ ಆ ಕುಣಿಕೇನ ಹಿಡ್ಕೊಂಡು ಬಾಬಿನ್ ಕೇಸ್ ಸುತ್ತ ಒಂದು ಪ್ರದಕ್ಷಿಣೆ ಹಾಕ್ಸುತ್ತೆ. ಆಮೇಲೆ ಮೇಲಿರೋ ಟೇಕಪ್ ಲಿವರ್ ದಾರಾನ ಮೇಲಕ್ಕೆ ಎಳೆಯುತ್ತೆ. ಎರಡೂ ದಾರ ಒಂದಕ್ಕೊಂದು ಸಿಕ್ಕಿ ಲಾಕ್ ಆಗುತ್ತೆ. ಅದಕ್ಕೇ ಇದರ ಹೆಸರು ಲಾಕ್ ಸ್ಟಿಚ್. ಎಲಿಯಾಸ್ ಹೋವ್ ಅನ್ನೋ ಅಮೆರಿಕದವರು 1846ರಲ್ಲಿ ಪೇಟೆಂಟ್ ತಗೊಂಡ ಹೊಲಿಗೆ ಮಷೀನ್ ಹಾಕ್ತಿದ್ದಿದ್ದೂ ಲಾಕ್ ಸ್ಟಿಚ್ಚೇ. ನಮ್ಮ ಮಷೀನಿಗೆ ಸ್ಕ್ರೀನು, ಪೆನ್ ಡ್ರೈವು ಎಲ್ಲಾ ಬಂದಿದೆ, ಗಂಟು ಮಾತ್ರ ಅದೇ.

ಈಗ ಹಗ್ಗ ಜಗ್ಗಾಟ ನೆನೆಸ್ಕೊಳ್ಳಿ. ಮೇಲಿನ ದಾರ ಒಂದು ಟೀಮ್, ಬಾಬಿನ್ ದಾರ ಇನ್ನೊಂದು. ಯಾರು ಜೋರಾಗಿ ಎಳೀತಾರೋ ಗಂಟು ಅವರ ಕಡೆ ಹೋಗುತ್ತೆ. ಬರೀ ಬಟ್ಟೆ ಹೊಲಿಯೋವಾಗ ಗಂಟು ಬಟ್ಟೆಯ ಮಧ್ಯದಲ್ಲಿ ಇರ್ಬೇಕು. ಎಂಬ್ರಾಯ್ಡರೀಲಿ ಹಾಗಲ್ಲ. ಇಲ್ಲಿ ಕೆಳಗಿನ ಟೀಮ್ ಸ್ವಲ್ಪ ಗೆಲ್ಲಬೇಕು. ಮೇಲಿನ ಬಣ್ಣದ ದಾರ ಸ್ವಲ್ಪ ಕೆಳಕ್ಕೆ ಇಳಿದ್ರೇನೇ ಬಾಬಿನ್‌ನ ಬಿಳಿ ದಾರ ಮೇಲಕ್ಕೆ ಇಣುಕಲ್ಲ.

ಟೆನ್ಷನ್ ಅಂದ್ರೆ ಈ ಎಳೆತ, ಅಷ್ಟೇ. ದಾರ ಹೋಗೋ ದಾರೀಲಿ ಯಾರಾದ್ರೂ ಅದನ್ನ ಜಾಸ್ತಿ ಹಿಡ್ಕೊಂಡ್ರೂ ಟೆನ್ಷನ್ ಬದಲಾಗುತ್ತೆ, ಹಿಡ್ಕೊಳ್ದೇ ಬಿಟ್ರೂ ಬದಲಾಗುತ್ತೆ. ಹಿಡ್ಕೊಳ್ಳೋ ಜಾಗ ಡಯಲ್ ಒಂದೇ ಅಲ್ಲ. ಸ್ಟ್ಯಾಂಡ್, ಗೈಡ್, ಸೂಜಿ ಕಣ್ಣು, ಬಾಬಿನ್ ಕೇಸಿನ ಸ್ಪ್ರಿಂಗ್, ಎಲ್ಲವೂ ಹಿಡ್ಕೊಳ್ಳುತ್ತೆ. ಅದಕ್ಕೇ ಡಯಲ್ ಕೊನೆಗೆ ಅಂತ ನಾನು ಹೇಳೋದು.

3/10

ಹೊಲಿಗೆ ಚೆನ್ನಾಗಿದೆಯಾ ಅಂತ ನೋಡೋಕೆ ಬಟ್ಟೆ ಮಗುಚಿ ಹಾಕಿ. ಉತ್ತರ ಹಿಂದುಗಡೆ ಇರುತ್ತೆ.

ನಮ್ಮ ಧಾರವಾಡದ ಕಡೆ ಕಸೂತಿ ಹಾಕೋರಿಗೆ ಇದು ಹೊಸ ಮಾತಲ್ಲ. ಗವಂತಿ, ಮುರ್ಗಿ ಹೊಲಿಗೆ ಹಾಕಿದ್ರೆ ಮುಂದೆ ಹೇಗೋ ಹಿಂದೇನೂ ಹಾಗೇ ಕಾಣ್ಬೇಕು, ಗಂಟು ಕಾಣ್ಬಾರ್ದು. ಕೈ ಕೆಲಸ ಎಷ್ಟು ನೀಟು ಅಂತ ಹಿಂದೆ ನೋಡಿದ್ರೆ ಗೊತ್ತಾಗಿಬಿಡುತ್ತೆ. ಮಷೀನ್ ಹೊಲಿಗೆ ಎರಡೂ ಕಡೆ ಒಂದೇ ಥರ ಇರಲ್ಲ, ಇರ್ಬೇಕಾಗೂ ಇಲ್ಲ. ಆದ್ರೆ ಪರೀಕ್ಷೆ ಅದೇ: ಹಿಂದೆ ನೋಡು.

ಸ್ಯಾಟಿನ್ ಹೊಲಿಗೆಯ ಒಂದು ಪಟ್ಟಿ ತಗೊಳ್ಳಿ, ಅಕ್ಷರದ ಕಡ್ಡಿ ಥರದ್ದು. ಅದರ ಹಿಂದೆ ಅಗಲವನ್ನ ಮೂರು ಪಾಲು ಮಾಡಿ. ಮಧ್ಯದ ಪಾಲು ಬಿಳಿ ಬಾಬಿನ್ ದಾರ, ಎರಡೂ ಪಕ್ಕದ ಪಾಲು ಮೇಲಿನ ಬಣ್ಣ. ಹೀಗಿದ್ರೆ ಟೆನ್ಷನ್ ಸರಿ ಇದೆ. ಸ್ಕೇಲ್ ಹಿಡಿಯೋದೇನೂ ಬೇಡ, ಕಣ್ಣಂದಾಜು ಸಾಕು.

ಈಗ ರೋಗ ಲಕ್ಷಣ ಬರ್ಕೊಳ್ಳಿ.

ಮೇಲ್ಗಡೆ ಅಂಚಲ್ಲಿ ಬಿಳಿ ಚುಕ್ಕಿ: ಮೇಲಿನ ದಾರ ತುಂಬಾ ಟೈಟ್, ಇಲ್ಲಾ ಬಾಬಿನ್ ತುಂಬಾ ಲೂಸ್.

ಹಿಂದೆ ಬಿಳಿ ಕಾಣೋದೇ ಇಲ್ಲ, ಪೂರ್ತಿ ಬಣ್ಣ: ಮೇಲಿನದು ಲೂಸ್, ಇಲ್ಲಾ ಬಾಬಿನ್ ಟೈಟ್.

ಮೇಲ್ಗಡೆ ದಾರ ಸಣ್ಣ ಸಣ್ಣ ಕುಣಿಕೆ ಥರ ಎದ್ದು ನಿಂತಿದೆ: ಮೇಲಿನದು ಲೂಸ್, ಇಲ್ಲಾ ದಾರಿ ಮಧ್ಯೆ ಎಲ್ಲೋ ಸಿಕ್ಕಿ ಸಿಕ್ಕಿ ಬಿಡ್ತಿದೆ.

ಕೆಳಗೆ ದಾರ ಗುಡ್ಡೆ ಹಾಕಿ ಬಟ್ಟೆನೇ ಪ್ಲೇಟಿಗೆ ಕಚ್ಕೊಂಡಿದೆ: ಬಾಬಿನ್ ಮೇಲೆ ಎಲ್ಲರೂ ಅನುಮಾನ ಪಡ್ತಾರೆ. ಹೆಚ್ಚಿನ ಸಲ ಅದು ಮೇಲಿನ ದಾರದ ಸಮಸ್ಯೆ.

ಗಮನಿಸಿದ್ರಾ? ಪ್ರತಿ ಲಕ್ಷಣಕ್ಕೂ "ಇಲ್ಲಾ" ಇದೆ. ಲಕ್ಷಣ ಒಂದೇ, ಕಾರಣ ಎರಡು. ಡೆಬಿಟ್ ಜಾಸ್ತಿ ಅಂದ್ರೆ ಡೆಬಿಟ್ ಎರಡು ಸಲ ಬರೆದಿರ್ಬಹುದು, ಕ್ರೆಡಿಟ್ ಒಂದು ಬಿಟ್ಟುಹೋಗಿರ್ಬಹುದು. ಮೊತ್ತ ನೋಡಿ ಹೇಳೋಕಾಗಲ್ಲ, ಎಂಟ್ರಿ ನೋಡ್ಬೇಕು.

4/10

ಮೊದಲ ಚೆಕ್: ಮೇಲಿನ ದಾರ ಬರೋ ದಾರಿ.

ಕೋನ್‌ನಿಂದ ಸೂಜಿವರೆಗೂ ಬೆರಳಲ್ಲಿ ದಾರ ಹಿಡ್ಕೊಂಡು ಬನ್ನಿ. ಸ್ಟ್ಯಾಂಡಿನ ಗೈಡ್, ಮೇಲಿನ ಚಿಕ್ಕ ಟೆನ್ಷನ್, ಕೆಳಗಿನ ದೊಡ್ಡ ಟೆನ್ಷನ್, ಸಣ್ಣ ಚೆಕ್ ಸ್ಪ್ರಿಂಗ್, ಟೇಕಪ್ ಲಿವರ್, ಸೂಜಿ. ಒಂದು ಕಡೆ ತಪ್ಪಿದ್ರೂ ಸಾಕು. ಟೇಕಪ್ ಲಿವರಿನ ಕಣ್ಣಿಂದ ದಾರ ಆಚೆ ಬಂದಿದ್ರೆ, ಹುಕ್ ಇಳಿಸಿದ ದಾರಾನ ವಾಪಸ್ ಮೇಲೆ ಎಳೆಯೋರೇ ಇರಲ್ಲ. ಅದೆಲ್ಲಾ ಕೆಳಗೆ ಗುಡ್ಡೆ ಆಗುತ್ತೆ. ನೀವು ಬಾಬಿನ್ ಬಿಚ್ಚಿ ಹತ್ತು ಸಲ ಹಾಕಿದ್ರೂ ಅದು ಸರಿ ಹೋಗಲ್ಲ.

ಮನೇಲಿ ಒಂದೇ ಸೂಜಿಯ ಚಿಕ್ಕ ಮಷೀನ್ ಇಟ್ಕೊಂಡಿರೋರು ಇದನ್ನ ಎರಡು ಸಲ ಓದಿ: ದಾರ ಹಾಕೋವಾಗ ಫುಟ್ ಮೇಲೆ ಎತ್ತಿರ್ಬೇಕು. ಟೆನ್ಷನ್ ಅಂದ್ರೆ ಒಳಗೆ ಎರಡು ಪುಟ್ಟ ಬಿಲ್ಲೆ, ಅವುಗಳ ಮಧ್ಯೆ ದಾರ ಹೋಗುತ್ತೆ. ಫುಟ್ ಎತ್ತಿದಾಗ ಬಿಲ್ಲೆ ಬಾಯಿ ತೆರೆಯುತ್ತೆ, ಇಳಿಸಿದಾಗ ಮುಚ್ಕೊಳ್ಳುತ್ತೆ. ಫುಟ್ ಇಳಿಸಿ ದಾರ ಹಾಕಿದ್ರೆ ಮುಚ್ಚಿದ ಬಾಗಿಲ ಮೇಲೆ ದಾರ ಹಾಸಿದ ಹಾಗೆ. ಒಳಗೆ ಹೋಗೇ ಇರಲ್ಲ. ಆಗ ಡಯಲ್ 2ರಲ್ಲಿದ್ರೂ ಒಂದೇ, 9ರಲ್ಲಿದ್ರೂ ಒಂದೇ.

ಪರೀಕ್ಷೆ ಸುಲಭ. ಫುಟ್ ಎತ್ತಿ ದಾರ ಎಳೀರಿ, ಸಲೀಸಾಗಿ ಬರ್ಬೇಕು. ಫುಟ್ ಇಳಿಸಿ ಎಳೀರಿ, ಹಿಡ್ಕೋಬೇಕು. ಎರಡಕ್ಕೂ ವ್ಯತ್ಯಾಸ ಇಲ್ಲ ಅಂದ್ರೆ ದಾರ ಬಿಲ್ಲೆ ಮಧ್ಯೆ ಇಲ್ಲ.

ಬಿಲ್ಲೆ ಮಧ್ಯೆ ದಾರದ ಚೂರು, ಧೂಳು ಕೂತ್ರೆ ಬಿಲ್ಲೆ ಪೂರ್ತಿ ಮುಚ್ಕೊಳ್ಳಲ್ಲ, ಟೆನ್ಷನ್ ಕಮ್ಮಿ ಆಗುತ್ತೆ. ದಪ್ಪ ದಾರದ ತುಂಡೊಂದು ತಗೊಂಡು ಹಲ್ಲು ಸಂದಿ ಕ್ಲೀನ್ ಮಾಡೋ ಥರ ಹಿಂದೆ ಮುಂದೆ ಆಡಿಸಿ. ಅಮ್ಮ ಇದನ್ನ ವಾರಕ್ಕೊಂದು ಸಲ 12 ಸೂಜಿಗೂ ಮಾಡ್ತಾರೆ. ದೇವರ ದೀಪ ಒರೆಸೋ ಹಾಗೆ, ಮಾತಾಡ್ದೇ.

5/10

ಎರಡನೇ ಚೆಕ್: ಸೂಜಿ ಮತ್ತು ದಾರ.

ಸೂಜಿ ಮಷೀನಲ್ಲಿ ಎಲ್ಲಕ್ಕಿಂತ ಅಗ್ಗದ ಪಾರ್ಟು, ಎಲ್ಲರೂ ಕೊನೆಗೆ ಬದಲಾಯಿಸೋದೂ ಅದನ್ನೇ. ತುದಿ ಮೊಂಡಾದ್ರೆ ಬಟ್ಟೆ ಚುಚ್ಚೋ ಬದಲು ತಳ್ಳುತ್ತೆ. ಕಣ್ಣಲ್ಲಿ ಕಣ್ಣಿಗೆ ಕಾಣದ ಗೀರು ಬಿದ್ರೆ ದಾರ ಹಿಡ್ಕೊಂಡು ಪಿಸುಳು ಎಬ್ಬಿಸುತ್ತೆ. ಸ್ವಲ್ಪ ಬಾಗಿದ್ರೆ ಹುಕ್‌ಗೆ ಕುಣಿಕೆ ಸಿಗಲ್ಲ. ಮೂರೂ ಹೊರಗಿಂದ ನೋಡಿದ್ರೆ "ಟೆನ್ಷನ್ ಪ್ರಾಬ್ಲಂ" ಥರಾನೇ ಕಾಣೋದು. ಸುಮಾರು 8 ಗಂಟೆ ಓಡಿದ ಮೇಲೆ ಸೂಜಿ ಬದಲಾಯಿಸಿ ಅನ್ನೋದು ಸಾಮಾನ್ಯ ಲೆಕ್ಕ. ಅಷ್ಟು ಬೇಗ ಬೇಡ ಅನ್ಸಿದ್ರೂ, ತೊಂದರೆ ಶುರುವಾದಾಗ ಮೊದಲು ಹೊಸ ಸೂಜಿ ಹಾಕಿ ನೋಡಿ.

ಪ್ಯಾಕೆಟ್ ಮೇಲೆ 75/11 ಅಂತ ಇರುತ್ತಲ್ಲ? 75 ಅಂದ್ರೆ ಸೂಜಿಯ ದಪ್ಪ 0.75 ಮಿಲಿಮೀಟರ್. 11 ಅನ್ನೋದು ಅದೇ ಸೈಜಿನ ಅಮೆರಿಕನ್ ನಂಬರ್. ಮಾಮೂಲಿ ಎಂಬ್ರಾಯ್ಡರಿ ದಾರಕ್ಕೆ ಇದು ಸಾಕು. ಜರಿ ದಾರಕ್ಕೆ ದೊಡ್ಡ ಕಣ್ಣಿನ 90/14 ಹಾಕಿದ್ರೆ ದಾರ ಉಜ್ಜಿ ಕಿತ್ತು ಬರೋದು ಕಮ್ಮಿ ಆಗುತ್ತೆ. ಸೂಜಿ ಮೇಲೆ ಉದ್ದಕ್ಕೆ ಒಂದು ಗಾಡಿ ಇರುತ್ತೆ, ಉಗುರಲ್ಲಿ ಸವರಿದ್ರೆ ಸಿಗುತ್ತೆ. ಅದು ನಿಮ್ಮ ಕಡೆಗೆ ಇರ್ಬೇಕು. ದುಂಡು ಬುಡದ ಸೂಜೀಲಿ ಇದು ಸ್ವಲ್ಪ ತಿರುಗಿ ಕೂತ್ರೂ ಹೊಲಿಗೆ ತಪ್ಪುತ್ತೆ.

ದಾರದ ನಂಬರ್ ಉಲ್ಟಾ ಲೆಕ್ಕ. 40 ನಂಬರ್ ಅಂದ್ರೆ 40 ಕಿಲೋಮೀಟರ್ ದಾರ 1 ಕೆಜಿ ತೂಗುತ್ತೆ. 60 ನಂಬರ್ ಅಂದ್ರೆ 1 ಕೆಜಿಗೆ 60 ಕಿಲೋಮೀಟರ್, ಅಂದ್ರೆ ಇನ್ನೂ ಸಣ್ಣ. ಮೇಲೆ ಸಾಮಾನ್ಯವಾಗಿ 40, ಬಾಬಿನ್‌ಗೆ ಅದಕ್ಕಿಂತ ಸಣ್ಣದು. ಬಾಬಿನ್‌ಗೆ ದಪ್ಪ ದಾರ ಸುತ್ತಿಟ್ಟು ಟೆನ್ಷನ್ ಸರಿ ಮಾಡೋಕೆ ಹೋದ್ರೆ ಸಂಜೆ ಆಗೋಗುತ್ತೆ.

ದಾರ ಹಳೇದಾ? ಒಂದು ಮಾರು ಎಳೆದು ಕೈಯಲ್ಲಿ ಜಗ್ಗಿ. ಪಟ್ ಅಂತ ಸುಲಭವಾಗಿ ತುಂಡಾದ್ರೆ ಮಷೀನ್ ತಪ್ಪಿಲ್ಲ. ರೇಯಾನ್ ದಾರ ಹೊಳಪು ಚೆನ್ನಾಗಿ ಕೊಡುತ್ತೆ, ಆದ್ರೆ ಒದ್ದೆ ಆದ್ರೆ ಶಕ್ತಿ ಕಳ್ಕೊಳ್ಳುತ್ತೆ. ಮಳೆಗಾಲದಲ್ಲಿ ಅದನ್ನ ಡಬ್ಬೀಲಿ ಮುಚ್ಚಿಡಿ.

6/10

ಮೂರನೇ ಚೆಕ್: ಬಾಬಿನ್.

ಬಾಬಿನ್ ಕೇಸ್ ಮೇಲೆ ಒಂದು ಎಲೆ ಥರದ ಸ್ಪ್ರಿಂಗ್ ಇರುತ್ತೆ. ಅದರ ಅಡೀಲಿ ದಾರ ಹೋಗುತ್ತೆ. ಕೆಳಗಿನ ಟೆನ್ಷನ್ ಪೂರ್ತಿ ಈ ಸಣ್ಣ ಎಲೇದೇ. ಇದರ ಅಡಿ ಒಂದು ಚೂರು ನಾರು ಸಿಕ್ಕಿದ್ರೂ ಎಲೆ ಎದ್ದು ನಿಲ್ಲುತ್ತೆ, ದಾರ ಸುಮ್ನೆ ಜಾರುತ್ತೆ. ಹಳೇ ವಿಸಿಟಿಂಗ್ ಕಾರ್ಡಿನ ಮೂಲೆಯನ್ನ ಸ್ಪ್ರಿಂಗ್ ಅಡಿ ತೂರಿಸಿ ಎಳೆದ್ರೆ ಕ್ಲೀನಾಗುತ್ತೆ. ಪಿನ್ನು, ಸೂಜಿ ಹಾಕಿ ಕೆರೀಬೇಡಿ. ಸ್ಪ್ರಿಂಗ್ ಮೇಲೆ ಗೀರು ಬಿದ್ರೆ ಅದೇ ಹೊಸ ತೊಂದರೆ.

ಆಮೇಲೆ ನೇತಾಡಿಸೋ ಪರೀಕ್ಷೆ. ಬಾಬಿನ್ ಹಾಕಿ, ದಾರದ ತುದಿ ಹಿಡ್ಕೊಂಡು ಕೇಸನ್ನ ಗಾಳೀಲಿ ನೇತು ಹಾಕಿ. ತಾನಾಗೇ ಸರ್ರಂತ ಕೆಳಗೆ ಇಳೀಬಾರ್ದು. ಕೈಯಿಂದ ಸಣ್ಣದಾಗಿ ಒಂದು ಜಟಕಾ ಕೊಟ್ರೆ ಸ್ವಲ್ಪ ಇಳಿದು ನಿಲ್ಬೇಕು. ಎಷ್ಟು ಜಟಕಾಯಿಸಿದ್ರೂ ಅಲ್ಲಾಡ್ಲಿಲ್ಲ ಅಂದ್ರೆ ತುಂಬಾ ಟೈಟು. ಕೆಳಗೆ ಇನ್ನೊಂದು ಕೈ ಇಟ್ಕೊಳ್ಳಿ, ಕೇಸ್ ನೆಲಕ್ಕೆ ಬಿದ್ರೆ ಅಂಚು ನೆಗ್ಗುತ್ತೆ. ಮೇಲಿಂದ ಹಾಕೋ ಪ್ಲಾಸ್ಟಿಕ್ ಕೇಸಿನ ಮನೆ ಮಷೀನಿಗೆ ಈ ಪರೀಕ್ಷೆ ಅಷ್ಟು ಹೊಂದಲ್ಲ. ಅವರು ಬಟ್ಟೆ ಹಿಂದಿನ ಮೂರು ಪಾಲು ನೋಡಿದ್ರೆ ಸಾಕು.

ಕ್ಲೀನ್ ಮಾಡಿದ ಮೇಲೂ ಸರಿ ಇಲ್ಲ ಅಂದ್ರೆ ಮಾತ್ರ ಸ್ಕ್ರೂ. ಬಲಕ್ಕೆ ತಿರುಗಿಸಿದ್ರೆ ಟೈಟ್, ಎಡಕ್ಕೆ ಲೂಸ್. ಗಡಿಯಾರದ ಮುಖ ನೆನೆಸ್ಕೊಳ್ಳಿ. ಒಂದು ಸಲಕ್ಕೆ ಐದು ನಿಮಿಷದ ಗೀಟಿನಷ್ಟು ಮಾತ್ರ. ಈ ಸ್ಕ್ರೂ ಅಕ್ಕಿ ಕಾಳಿನಷ್ಟಿರುತ್ತೆ, ಉದುರಿದ್ರೆ ಮನೆಯೆಲ್ಲಾ ಗುಡಿಸ್ಬೇಕು. ಕೆಳಗೆ ತಟ್ಟೆ ಇಟ್ಕೊಂಡು ಕೆಲಸ ಮಾಡಿ.

ಈಗ ತುಂಬಾ ಸೂಜಿ ಇರೋ ಮಷೀನಿನವರಿಗೆ ಒಂದು ಚಿನ್ನದಂಥ ಸೂತ್ರ. ಸೂಜಿ 12 ಇದ್ರೂ ಬಾಬಿನ್ ಒಂದೇ. ತೊಂದರೆ ಒಂದೇ ಸೂಜೀಲಿ ಬಂದ್ರೆ ಅದೇ ಸೂಜಿಯ ಮೇಲಿನ ದಾರಿ ನೋಡಿ. ಎಲ್ಲಾ ಸೂಜೀಲೂ ಬಂದ್ರೆ ಎಲ್ಲರಿಗೂ ಸೇರಿದ್ದೇನಿದೆಯೋ ಅದನ್ನ, ಅಂದ್ರೆ ಬಾಬಿನ್ನನ್ನ, ಮೊದಲು ನೋಡಿ. 12 ಜನ ಒಟ್ಟಿಗೆ ಒಂದೇ ದಿನ ಕೆಡೋದು ಅಪರೂಪ.

7/10

ಈ ಸೂತ್ರ ಒಂದು ಮದುವೆ ಬ್ಲೌಸ್ ಉಳಿಸಿದ ಕಥೆ ಹೇಳ್ತೀನಿ.

ಮೆರೂನ್ ರೇಷ್ಮೆ, ಸೀರೆಯಿಂದ ಕತ್ತರಿಸಿದ ಪೀಸು. ಎರಡೂ ತೋಳಿಗೆ ನವಿಲು. ಭಾನುವಾರ ಮುಹೂರ್ತ, ಶುಕ್ರವಾರ ಹೊಲಿಯೋರಿಗೆ ಕೊಡ್ಬೇಕು. ಗುರುವಾರ ರಾತ್ರಿ ಒಂದು ತೋಳು ಮುಗಿದಿತ್ತು, ಚೆನ್ನಾಗಿತ್ತು. ಎರಡನೇ ತೋಳಿನ ನವಿಲಿನ ಕತ್ತು ಬರೋ ಹೊತ್ತಿಗೆ ಹಸಿರಿನ ಅಂಚಲ್ಲಿ ಬಿಳಿ ಚುಕ್ಕಿ. ಅಮ್ಮ ತಕ್ಷಣ ಸ್ಟಾಪ್ ಒತ್ತಿದ್ರು.

ರಿಪೇರಿ ಮಾಡೋ ಅಣ್ಣಂಗೆ ಫೋನ್ ಮಾಡಿದ್ವಿ. "ಮೇಲಿನ ನಾಬ್ ಎಲ್ಲಾ ಅರ್ಧ ಸುತ್ತು ಲೂಸ್ ಮಾಡಿ ಅಕ್ಕ, ಸೋಮವಾರ ಬಂದು ನೋಡ್ತೀನಿ" ಅಂದ್ರು. ಸೋಮವಾರ ಅಂದ್ರೆ ಮದುವೆ ಮುಗಿದು ಮದುಮಗಳು ಗಂಡನ ಮನೇಲಿರ್ತಾಳೆ.

ಅಮ್ಮನ ಕೈ ನಾಬ್ ಮೇಲೆ ಹೋಗಿತ್ತು. "ಒಂದ್ನಿಮಿಷ ಇರಮ್ಮ, ಹಸಿರಲ್ಲಿ ಮಾತ್ರನಾ?" ಅಂದೆ. ಅಮ್ಮ ಫ್ರೇಮ್ ಎತ್ತಿ ಟ್ಯೂಬ್‌ಲೈಟ್ ಕೆಳಗೆ ಹಿಡಿದ್ರು. ಹಸಿರಲ್ಲಿತ್ತು. ಅದಕ್ಕೆ ಮುಂಚೆ ಹೊಲಿದ ನೀಲೀಲೂ ಎರಡು ಚುಕ್ಕಿ. ಬಂಗಾರದ ಬಣ್ಣದಲ್ಲೂ ಒಂದು. ಮೂರು ಬಣ್ಣ, ಮೂರು ಬೇರೆ ಬೇರೆ ಸೂಜಿ, ಮೂರು ಬೇರೆ ನಾಬ್.

"ಹಂಗಾದ್ರೆ ಕೆಳಗಿಂದೇ ಕಣೇ" ಅಂದ್ರು ಅಮ್ಮ.

ಕೇಸ್ ತೆಗೆದು ನೇತಾಡಿಸಿದ್ರೆ ನಿಲ್ಲಲೇ ಇಲ್ಲ, ಸರ್ರಂತ ಇಳೀತು. ಮದುವೆ ಕಾರ್ಡೊಂದರ ಮೂಲೆ ಸ್ಪ್ರಿಂಗ್ ಅಡಿ ತೂರಿಸಿ ಎಳೆದ್ರು. ಒತ್ತಿ ಒತ್ತಿ ಚಪ್ಪಟೆಯಾದ ನಾರಿನ ಒಂದು ಗೆರೆ ಬಂತು, ಉಗುರಿನ ಅಂಚಿನಷ್ಟು ಸಣ್ಣದು. ಮತ್ತೆ ನೇತಾಡಿಸಿದ್ರೆ ನಿಂತಿತು. ಹಳೇ ಬಟ್ಟೆ ಮೇಲೆ ಹೊಲಿದು ನೋಡಿ, ಮಷೀನನ್ನ ಕೆಲವು ಹೊಲಿಗೆ ಹಿಂದಕ್ಕೆ ಕಳಿಸಿ ಮುಂದುವರೆಸಿದ್ವಿ. ಮೊದಲೇ ಬಿದ್ದಿದ್ದ ಚುಕ್ಕಿಗಳ ಮೇಲೆ ಅಮ್ಮ ಅದೇ ದಾರ ಸೂಜಿಗೆ ಪೋಣಿಸಿ ಕೈಯಲ್ಲೇ ಹೊಲಿಗೆ ಹಾಕಿ ಮುಚ್ಚಿದ್ರು.

ಆ ರಾತ್ರಿ 12 ನಾಬ್ ಲೂಸ್ ಮಾಡಿದ್ರೆ ಚುಕ್ಕಿ ಹೋಗ್ತಿತ್ತೇನೋ. ಆದ್ರೆ ನಾರು ಅಲ್ಲೇ ಇರ್ತಿತ್ತು. ಮುಂದೆ ಯಾವತ್ತೋ ಕ್ಲೀನ್ ಮಾಡಿದಾಗ 12 ಸೂಜೀಲೂ ಕುಣಿಕೆ ಎದ್ದು, ಒಂದು ತೊಂದರೆ ಹೋಗಿ ಹನ್ನೆರಡು ಬರ್ತಿತ್ತು.

8/10

ಈಗ ಸ್ವಲ್ಪ ಕಷ್ಟದ ವಿಷಯ. ಟ್ಯಾಲಿ ಆದ್ರೂ ತಪ್ಪಿರಬಹುದು.

ಕಾಂಪೆನ್ಸೇಟಿಂಗ್ ಎರರ್ ನೆನಪಿದೆಯಾ? ಒಂದು ಕಡೆ 100 ಜಾಸ್ತಿ, ಇನ್ನೊಂದು ಕಡೆನೂ 100 ಜಾಸ್ತಿ. ಟ್ರಯಲ್ ಬ್ಯಾಲೆನ್ಸ್ ಖುಷಿಯಾಗಿ ಟ್ಯಾಲಿ ಆಗುತ್ತೆ. ಪುಸ್ತಕ ಮಾತ್ರ ಸುಳ್ಳು.

ದಾರದಲ್ಲೂ ಇದೇ ಆಗುತ್ತೆ. ಬಾಬಿನ್ ತುಂಬಾ ಟೈಟ್ ಇದೆ ಅಂತಿಟ್ಕೊಳ್ಳಿ. ಹಿಂದೆ ಬಿಳಿ ಸಣ್ಣಗಾಗುತ್ತೆ. ಅದನ್ನ ಸರಿ ಮಾಡೋಕೆ ಮೇಲಿನದನ್ನೂ ಟೈಟ್ ಮಾಡ್ತೀರಾ. ಈಗ ಹಿಂದೆ ನೋಡಿದ್ರೆ ಮೂರು ಪಾಲು ಕರೆಕ್ಟ್! ಹಗ್ಗ ಜಗ್ಗಾಟ ಸಮ ಆಗಿದೆ. ಆದ್ರೆ ಎರಡೂ ಟೀಮ್ ಪ್ರಾಣ ಹೋಗೋ ಹಾಗೆ ಎಳೀತಿದಾರೆ, ಮಧ್ಯದಲ್ಲಿ ಸಿಕ್ಕಿರೋದು ಬಟ್ಟೆ. ಫ್ರೇಮಲ್ಲಿ ಚೆನ್ನಾಗಿ ಕಾಣುತ್ತೆ. ಫ್ರೇಮ್ ಬಿಚ್ಚಿದ ಮೇಲೆ ಡಿಸೈನ್ ಸುತ್ತ ಸುಕ್ಕು ಬೀಳುತ್ತೆ. ಪಾಲಿಯೆಸ್ಟರ್ ದಾರ ಎಳೆದ್ರೆ ಹಿಗ್ಗುತ್ತೆ, ಬಿಟ್ಟ ಮೇಲೆ ವಾಪಸ್ ಕುಗ್ಗುತ್ತೆ. ಅದಕ್ಕೇ ರಾತ್ರಿ ನೀಟಾಗಿದ್ದ ಪೀಸು ಬೆಳಿಗ್ಗೆ ಮುದುರ್ಕೊಂಡಿರುತ್ತೆ. ದಾರ ಕಟ್ ಆಗೋದೂ ಜಾಸ್ತಿ ಆಗುತ್ತೆ.

ಎರಡೂ ತುಂಬಾ ಲೂಸ್ ಇದ್ರೂ ಹಿಂದೆ ಮೂರು ಪಾಲು ಬರಬಹುದು. ಆಗ ಹೊಲಿಗೆ ಸಡಿಲವಾಗಿ ಕೂತು, ಬಳೆಗೋ ಉಂಗುರಕ್ಕೋ ಸಿಕ್ಕಿ ಎದ್ದು ಬರುತ್ತೆ.

ಅದಕ್ಕೆ ಮೂರು ಪಾಲಿನ ಪರೀಕ್ಷೆ ಒಂದೇ ಸಾಲಲ್ಲ. ಯಾವುದಾದ್ರೂ ಒಂದು ಟೆನ್ಷನ್ ಸ್ವಂತವಾಗಿ ಸರಿ ಇದೆ ಅಂತ ಗೊತ್ತಿರ್ಬೇಕು. ಬಾಬಿನ್ ಒಂದೇ ಇರೋದ್ರಿಂದ ಮೊದಲು ಅದನ್ನ ಸರಿ ಮಾಡಿ, ಆಮೇಲೆ ಮೇಲಿನದನ್ನ ಅದಕ್ಕೆ ಹೊಂದಿಸಿ. ಅಳೆಯೋಕೆ ಸಣ್ಣ ಗೇಜ್ ಸಿಗುತ್ತೆ. ಬಾಬಿನ್ 20 ಗ್ರಾಂ ಆಸುಪಾಸು, ಮೇಲಿನದು 100 ಗ್ರಾಂ ಆಸುಪಾಸು ಅನ್ನೋದು ಶುರು ಮಾಡೋಕೆ ಒಳ್ಳೇ ಲೆಕ್ಕ.

ಅಮ್ಮನ ಹತ್ರ ಗೇಜ್ ಇಲ್ಲ. ಸೂಜಿ ಹತ್ರ ದಾರ ಹಿಡಿದು ನಿಧಾನಕ್ಕೆ ಎಳೆದು "ಇದು ಬಿಗಿ ಆಯ್ತು" ಅಂತಾರೆ. ಮೊದಲೆಲ್ಲಾ ಇದು ಅಂದಾಜು ಅಂತ ನನಗನಿಸ್ತಿತ್ತು. ಈಗ ನೋಡಿದ್ರೆ, 12 ದಾರನೂ ಒಂದೊಂದಾಗಿ ಎಳೆದು ಒಂದಕ್ಕೊಂದು ಹೋಲಿಸ್ತಾರೆ. ಹೋಲಿಕೆ ಇದ್ದ ಕಡೆ ಅದು ಅಳತೇನೇ.

9/10

ಟೆನ್ಷನ್ ಅಂತ ಹೆಸರು ಕೆಡಿಸ್ಕೊಂಡಿರೋ, ಆದ್ರೆ ಟೆನ್ಷನ್ ಅಲ್ಲದ ವಿಷಯಗಳು.

ಡಿಸೈನ್: ಪ್ರತಿ ಸಲ ಅದೇ ಹೂವಿನ ಅದೇ ಎಸಳಲ್ಲಿ ದಾರ ಕಟ್ ಆಗ್ತಿದೆಯಾ? ಬಟ್ಟೆ ಬದಲಾಯಿಸಿದ್ರೂ ಅಲ್ಲೇನಾ? ಹಾಗಾದ್ರೆ ತಪ್ಪು ಫೈಲಲ್ಲಿದೆ. ಹೊಲಿಗೆ ಮೇಲೆ ಹೊಲಿಗೆ ಜಾಸ್ತಿ ಬಿದ್ದು ಅಲ್ಲಿ ಗೋಡೆ ಥರ ಗಟ್ಟಿ ಆಗಿರುತ್ತೆ, ಸೂಜಿಗೆ ದಾರಿ ಸಿಗಲ್ಲ. ಫ್ರೀ ಡಿಸೈನ್ ಡೌನ್‌ಲೋಡ್ ಮಾಡಿ ಸೈಜ್ ಚಿಕ್ಕದು ಮಾಡಿದಾಗ ಇದು ಜಾಸ್ತಿ. ಹೊಲಿಗೆ ಸಂಖ್ಯೆ ಅಷ್ಟೇ ಉಳ್ಕೊಂಡು ಜಾಗ ಮಾತ್ರ ಕಮ್ಮಿ ಆಗಿರುತ್ತೆ.

ಫ್ರೇಮ್: ಬಟ್ಟೆ ಸಡಿಲವಾಗಿದ್ರೆ ಸೂಜಿ ಜೊತೆ ಬಟ್ಟೆನೂ ಮೇಲೆ ಕೆಳಗೆ ಕುಣಿಯುತ್ತೆ, ಹುಕ್‌ಗೆ ಕುಣಿಕೆ ತಪ್ಪುತ್ತೆ. ಬೆರಳಲ್ಲಿ ತಟ್ಟಿದ್ರೆ ತಮಟೆ ಥರ ಬಿಗಿ ಇರ್ಬೇಕು. ಹಾಗಂತ ಫ್ರೇಮ್ ಹಾಕಿದ ಮೇಲೆ ಅಂಚು ಹಿಡಿದು ಜಗ್ಗಬೇಡಿ. ಹಿಗ್ಗಿದ ಬಟ್ಟೆ ಬಿಚ್ಚಿದ ಮೇಲೆ ಕುಗ್ಗುತ್ತೆ, ಹೊಲಿಗೆ ಕುಗ್ಗಲ್ಲ. ಸುಕ್ಕು ಗ್ಯಾರಂಟಿ.

ಅಡಿ ಪೇಪರ್: ತೆಳು ಬಟ್ಟೆಗೆ ತುಂಬಾ ಹೊಲಿಗೆಯ ಡಿಸೈನ್ ಹಾಕಿ, ಅಡಿಗೆ ಒಂದೇ ತೆಳು ಪೇಪರ್ ಇಟ್ಟು, ಸುಕ್ಕು ಬಂತು ಅಂತ ಟೆನ್ಷನ್ ಬೈಬೇಡಿ.

ಜರಿ: ಜರಿ ದಾರ ಬೇರೆ ಜಾತಿ. ಒಳಗಿನ ಎಳೆಗೆ ಹೊಳೆಯೋ ಪಟ್ಟಿ ಸುತ್ತಿರುತ್ತೆ. ಅದಕ್ಕೆ ತಿರುಚು ಜಾಸ್ತಿ, ಕೋನ್‌ನಿಂದ ಬಿಚ್ಚೋವಾಗ ಸುರುಳಿ ಸುತ್ಕೊಳ್ಳುತ್ತೆ. ಸ್ಪೀಡ್ ಇಳಿಸಿ. ನಿಮಿಷಕ್ಕೆ 900 ಹೊಲಿಗೆ ಓಡಿಸೋ ಕಡೆ 600ಕ್ಕಿಂತ ಕೆಳಗೆ ಬನ್ನಿ. ಮೇಲಿನ ಟೆನ್ಷನ್ ಸ್ವಲ್ಪ ಕಮ್ಮಿ ಮಾಡಿ. ಕೋನ್ ಸ್ವಲ್ಪ ದೂರ ಇಟ್ರೆ ಸೂಜಿಗೆ ಬರೋ ಹೊತ್ತಿಗೆ ತಿರುಚು ಬಿಟ್ಕೊಳ್ಳುತ್ತೆ.

ಬಾಬಿನ್ ಸುತ್ತಿದ ರೀತಿ: ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು ಇದ್ರೆ ಟೆನ್ಷನ್ ಹೊಲಿಗೆ ಹೊಲಿಗೆಗೂ ಏರಿಳಿಯುತ್ತೆ. ಬಾಬಿನ್ ಖಾಲಿ ಆಗೋ ಕೊನೇ ಸುತ್ತುಗಳಲ್ಲೂ ಎಳೆತ ಬದಲಾಗುತ್ತೆ. ಮುಖ್ಯವಾದ ಜಾಗ ಬರೋ ಮುಂಚೆ ಹೊಸ ಬಾಬಿನ್ ಹಾಕೋದು ಒಳ್ಳೇದು. ಉಳಿದ ಅರ್ಧ ಬಾಬಿನ್ನನ್ನ ಟೆಸ್ಟಿಗೆ ಇಟ್ಕೊಳ್ಳಿ.

10/10

ಇಷ್ಟೆಲ್ಲಾ ನೋಡಿದ ಮೇಲೆ ಡಯಲ್. ಈಗ ಮುಟ್ಟಬಹುದು.

ಇಂಗ್ಲಿಷಿನ ಎಚ್ ಅಕ್ಷರ, ಒಂದು ಇಂಚಿನಷ್ಟು, ಸ್ಯಾಟಿನ್‌ನಲ್ಲಿ ಹೊಲೀರಿ. ಎಚ್ ಯಾಕೆ ಅಂದ್ರೆ ಅದರಲ್ಲಿ ನೆಟ್ಟಗಿನ ಕಡ್ಡಿನೂ ಇದೆ, ಅಡ್ಡ ಕಡ್ಡಿನೂ ಇದೆ. ದಾರದ ಎಳೆತ ಎರಡು ದಿಕ್ಕಿಗೂ ಒಂದೇ ಥರ ಇರಲ್ಲ. ಯಾವ ಬಟ್ಟೆಗೆ ಕೆಲಸ ಮಾಡ್ತೀರೋ ಅಂಥದ್ದೇ ಚೂರಿನ ಮೇಲೆ, ಅದೇ ಅಡಿ ಪೇಪರ್ ಇಟ್ಟು ಮಾಡಿ. ಹಿಂದೆ ನೋಡಿ. ಡಯಲ್ ಸ್ವಲ್ಪ ತಿರುಗಿಸಿ. ಮತ್ತೆ ಎಚ್. ಒಂದು ಸಲಕ್ಕೆ ಒಂದೇ ಬದಲಾವಣೆ. ಸೂಜಿ, ಬಾಬಿನ್, ಡಯಲ್ ಮೂರೂ ಒಟ್ಟಿಗೆ ಬದಲಾಯಿಸಿ ಸರಿ ಹೋದ್ರೆ, ಯಾವುದರಿಂದ ಸರಿ ಹೋಯ್ತು ಅಂತ ನಿಮಗೂ ಗೊತ್ತಾಗಲ್ಲ. ಮುಂದಿನ ಸಲ ಮತ್ತೆ ಮೊದಲಿಂದ.

ಬರೆದಿಡಿ. ನಮ್ಮ ಮಷೀನ್ ಪಕ್ಕ ಒಂದು 200 ಪೇಜಿನ ನೋಟ್‌ಬುಕ್ ತೂಗು ಹಾಕಿದೀವಿ. ತಾರೀಖು, ಬಟ್ಟೆ, ದಾರ, ಸೂಜಿ, ಅಡಿ ಪೇಪರ್, ಸ್ಪೀಡು, ಏನಾಯ್ತು, ಏನು ಬದಲಾಯಿಸಿದ್ವಿ. ಎಚ್ ಹೊಲಿದ ಚೂರನ್ನ ಅದೇ ಪುಟಕ್ಕೆ ಸ್ಟೇಪಲ್ ಮಾಡ್ತೀವಿ. ಇದು ನಮ್ಮ ಜರ್ನಲ್. ವೋಚರ್ ಸಮೇತ.

ಕೊನೇದಾಗಿ ದುಡ್ಡಿನ ಮಾತು, ಬಿಕಾಂ ಅಲ್ವಾ. ಟೆಸ್ಟಿಗೆ ಹೋಗೋ ಬಟ್ಟೆ, ದಾರ, ಅರ್ಧ ಗಂಟೆ, ಇವೆಲ್ಲಾ ವೇಸ್ಟ್ ಅಂತ ಮನೇಲಿ ಕೆಲಸ ಮಾಡೋ ಹೆಂಗಸರು ಲೆಕ್ಕಕ್ಕೇ ಹಿಡಿಯಲ್ಲ. ರೇಟ್ ಹೇಳೋವಾಗ ಹೊಲಿಗೆ ಎಣಿಸ್ತಾರೆ, ತಮ್ಮ ಟೈಮ್ ಬಿಟ್ಟುಬಿಡ್ತಾರೆ. ಕಾಸ್ಟಿಂಗ್ ಪುಸ್ತಕದಲ್ಲಿ ಇದಕ್ಕೆ ಹೆಸರಿದೆ: ನಾರ್ಮಲ್ ಲಾಸ್. ಅದರ ಖರ್ಚು ಒಳ್ಳೇ ಪೀಸಿನ ಬೆಲೆಯೊಳಗೇ ಸೇರ್ಬೇಕು. ಹಾಳಾದ ಬ್ಲೌಸ್ ಪೀಸು ಅಬ್ನಾರ್ಮಲ್ ಲಾಸ್. ಅದರ ದುಡ್ಡು ನೇರವಾಗಿ ನಮ್ಮ ಜೇಬಿಂದ ಹೋಗುತ್ತೆ, ಜೊತೆಗೆ ಗಿರಾಕಿನೂ ಹೋಗ್ತಾರೆ. ಮೊದಲನೇದಕ್ಕೆ ದುಡ್ಡು ಇಡದೇ ಹೋದ್ರೆ ಎರಡನೇದು ಬಂದೇ ಬರುತ್ತೆ.

ಈ ಸೀಸನ್‌ನಿಂದ ಅಮ್ಮನ ಬಿಲ್‌ನಲ್ಲಿ "ಟೆಸ್ಟ್ ಪೀಸ್" ಅಂತ ಒಂದು ಸಾಲು ಸೇರಿದೆ. ದೊಡ್ಡ ಮೊತ್ತ ಏನಲ್ಲ. ಮೊನ್ನೆ ಒಬ್ಬರು "ಇದೇನಕ್ಕ ಹೊಸದು?" ಅಂದ್ರು. ಅಮ್ಮ ವಾದ ಮಾಡ್ಲಿಲ್ಲ, ನೋಟ್‌ಬುಕ್ ತೆಗೆದು ಅವರ ಬ್ಲೌಸಿನ ಪುಟದಲ್ಲಿದ್ದ ಚೂರನ್ನ ಮಗುಚಿ ತೋರಿಸಿದ್ರು. ಅವರು ಸ್ವಲ್ಪ ಹೊತ್ತು ನೋಡಿ, ಕೊಟ್ಟು ಹೋದ್ರು.

ನಿಮ್ಮ ಮಷೀನಲ್ಲಿ ಏನಾಗ್ತಿದೆ ಅಂತ ಕಾಮೆಂಟಲ್ಲಿ ಹಾಕಿ. ಮುಂದಿನ ಫೋಟೋ ಹಾಕೋವಾಗ ದಯವಿಟ್ಟು ಹಿಂದುಗಡೆದು ಹಾಕಿ.